ಹುಳಿ ಏರಿದರೆ ಗೊಬ್ಬರದ ಹಿಡಿತ ಸಡಿಲ

(ದಾವಣಗೆರೆಯಲ್ಲಿ ಅಡಿಕೆ, ಭತ್ತ, ದಾಳಿಂಬೆ ಬೆಳೆಗಾರರು ಮತ್ತು ಬಿಎಸ್ಸಿ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇನ್ನೂ ಹಿತ್ತಾಳೆ ಪಾತ್ರೆ ಇದೆ? ಕೈ ಎತ್ತಿ ನೋಡೋಣ. ಸುಮಾರು ಜನ ಇದ್ದೀರಿ. ಆ ಪಾತ್ರೆಗೆ ಕಲಾಯಿ ಹಾಕಿಸಿದ್ದು ನೆನಪಿರುವವರು? ಈಗ ಹಿರಿಯರ ಕೈ ಮಾತ್ರ ಉಳಿದವು.

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಕಲಾಯಿಯವರು ಬರುತ್ತಿದ್ದರು. ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಒಳಗೆಲ್ಲ ತವರ ಸವರುತ್ತಿದ್ದರು. ಬರುವುದು ತಡವಾದರೆ ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದರು. "ಕಲಾಯಿ ಹೋದ ಪಾತ್ರೆಲಿ ಹುಳಿ ಇಡಬೇಡ್ರೋ, ಕಿಲುಬು ಬಿಡುತ್ತೆ." ನೀರು ತುಂಬಿಟ್ಟರೆ ಬೈಯುತ್ತಿರಲಿಲ್ಲ. ಅನ್ನ ಇಟ್ಟರೂ ಸುಮ್ಮನಿರುತ್ತಿದ್ದರು. ಮಜ್ಜಿಗೆ, ಹುಣಸೆಹುಳಿ ಹಾಕಿದ ಸಾರು ಇಟ್ಟರೆ ಮಾತ್ರ ಬೈಗುಳ.

ಪಾತ್ರೆಯಲ್ಲಿದ್ದ ತಾಮ್ರ ಎರಡು ಸಲವೂ ಅಷ್ಟೇ. ಒಂದು ಚೂರೂ ಜಾಸ್ತಿ ಆಗಿಲ್ಲ. ಹುಳಿ ಬಂದಾಗ ಅದು ಸಾರಿಗೆ ಇಳಿಯಿತು, ಹುಳಿ ಇಲ್ಲದಾಗ ಪಾತ್ರೆಯಲ್ಲೇ ಉಳಿಯಿತು. ನಾನು ಇವತ್ತು ಮಣ್ಣಿನ ಬಗ್ಗೆ ಹೇಳಬೇಕಾದ ಮಾತು ಇದೇ. ಮಣ್ಣಿನಲ್ಲಿ ತಾಮ್ರ, ಸೀಸ, ಸತು, ಕ್ಯಾಡ್ಮಿಯಂ ಎಷ್ಟಿದೆ ಅನ್ನುವುದು ಒಂದು ಪ್ರಶ್ನೆ. ಅದರಲ್ಲಿ ಎಷ್ಟು ಬೇರಿಗೆ, ಬಾವಿಗೆ ಸಿಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಕೊಡುವುದು ಮುಖ್ಯವಾಗಿ ಎರಡು ಸಂಗತಿ. ಒಂದು ಮಣ್ಣಿನ ಹುಳಿ, ಇನ್ನೊಂದು ಮಣ್ಣಿನೊಳಗೆ ಕೊಳೆತು ಕರಿಯಾಗಿರುವ ಸಾವಯವ ಅಂಶ, ಅಂದರೆ ಹ್ಯೂಮಸ್. ಇವೆರಡನ್ನೂ ನಾವು ಬೇರೆ ಬೇರೆಯಾಗಿ ನೋಡುತ್ತೇವೆ. ಒಟ್ಟಿಗೆ ನೋಡಬೇಕು.

ಹ್ಯೂಮಸ್ ಅಂದರೇನು ಅಂತ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ತಿಪ್ಪೆ ಚೆನ್ನಾಗಿ ಕಳಿತ ಮೇಲೆ ಕಡ್ಡಿ, ಎಲೆ ಯಾವುದೂ ಗುರುತು ಸಿಗದೆ ಕರಿ ಪುಡಿಯಾಗುತ್ತದಲ್ಲ, ಅದು. 1786ರಲ್ಲಿ ಅಖಾರ್ಡ್ ಅನ್ನುವ ಜರ್ಮನ್ ವಿಜ್ಞಾನಿ ಜೌಗು ನೆಲದ ಕರಿ ಮಣ್ಣಿಗೆ ಕ್ಷಾರ ಹಾಕಿದ. ಕಾಫಿ ಡಿಕಾಕ್ಷನ್ ತರಹದ ನೀರು ಇಳಿಯಿತು. ಅದಕ್ಕೆ ಆಮ್ಲ ಹಾಕಿದಾಗ ಕರಿ ಗಸಿ ತಳಕ್ಕೆ ಕೂತಿತು. ಆ ಗಸಿಗೆ ಮುಂದೆ ಹ್ಯೂಮಿಕ್ ಆಮ್ಲ ಅಂತ ಹೆಸರಾಯಿತು. ಆಮ್ಲ ಹಾಕಿದರೂ ಕೂರದೆ ನೀರಿನಲ್ಲೇ ಉಳಿಯುವ ಹಳದಿ ಭಾಗ ಫಲ್ವಿಕ್ ಆಮ್ಲ. ವಿದ್ಯಾರ್ಥಿಗಳು ಒಂದು ನೆನಪಿಡಿ. ಇವು ಸಕ್ಕರೆ, ಉಪ್ಪಿನ ಹಾಗೆ ಒಂದೊಂದೇ ಪದಾರ್ಥ ಅಲ್ಲ. ಕೊಳೆಯುತ್ತಿರುವ ನೂರಾರು ಬಗೆಯ ಅಣುಗಳ ಮಿಶ್ರಣ. ನಾವು ಬೇರೆ ಮಾಡುವ ವಿಧಾನದ ಮೇಲೆ ಇಟ್ಟ ಹೆಸರುಗಳು ಅಷ್ಟೇ.

ಮಿಶ್ರಣ ಎಷ್ಟೇ ಗೋಜಲಾಗಿದ್ದರೂ ಲೋಹ ಹಿಡಿಯುವ ಜಾಗಗಳು ಮುಖ್ಯವಾಗಿ ಎರಡು ಬಗೆ. ಒಂದು ಕಾರ್ಬಾಕ್ಸಿಲ್ ಗುಂಪು. ವಿನೆಗರ್‌ನಲ್ಲಿ ಇರುವುದೂ ಅದೇ. ಇನ್ನೊಂದು ಫೀನಾಲ್ ಗುಂಪು. ಇದನ್ನು ನೋಡಬೇಕಾದರೆ ಚನ್ನಗಿರಿಯವರು ದೂರ ಹೋಗಬೇಕಿಲ್ಲ, ಅಡಿಕೆ ಬೇಯಿಸಿದ ಹಂಡೆಯಲ್ಲೇ ಇದೆ. ಚೊಗರು! ಚೊಗರಿನ ಒಗರು, ಬಣ್ಣ ಎರಡೂ ಫೀನಾಲ್ ಜಾತಿಯ ಅಣುಗಳದ್ದು.

ಈ ಎರಡೂ ಗುಂಪುಗಳ ತುದಿಯಲ್ಲಿ ಒಂದೊಂದು ಹೈಡ್ರೋಜನ್ ಕೂತಿರುತ್ತದೆ. ಅದು ಎದ್ದು ಹೋದರೆ ಆ ಜಾಗ ಖಾಲಿ, ಅಲ್ಲಿ ಋಣ ವಿದ್ಯುದಂಶ ಉಳಿಯುತ್ತದೆ. ಲೋಹದ ಅಯಾನುಗಳು, ಅಂದರೆ ನೀರಿನಲ್ಲಿ ತಿರುಗುವ ಲೋಹದ ಕಣಗಳು, ಧನ ವಿದ್ಯುದಂಶದವು. ಬಂದು ಕೂರುತ್ತವೆ. ಹೈಡ್ರೋಜನ್ ಏಳದಿದ್ದರೆ ಲೋಹಕ್ಕೆ ಜಾಗ ಇಲ್ಲ.

ಹೈಡ್ರೋಜನ್ ಏಳುವುದು ಯಾವಾಗ? ಸುತ್ತಲಿನ ನೀರಿನಲ್ಲಿ ಹುಳಿ ಕಮ್ಮಿಯಾದಾಗ. ಹುಳಿ ಅಂದರೇ ಹೈಡ್ರೋಜನ್ ಅಯಾನುಗಳ ಗುಂಪು. ನಮ್ಮ ಕೃಷಿ ಇಲಾಖೆಯ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಅಂದರೆ ಪಿಎಚ್, ಅಂತ ಬರೆಯುತ್ತಾರಲ್ಲ, ಅದನ್ನು ಅಳೆಯುವ ಪಟ್ಟಿಯನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕ್‌ನ ಸೋರೆನ್‌ಸನ್. ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್‌ನವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಆ ಪಟ್ಟಿಯಲ್ಲಿ 7 ಸಮ, ಕೆಳಗೆ ಹುಳಿ, ಮೇಲೆ ಕ್ಷಾರ. ಎಲ್ಲರೂ ಎಡವುವುದು ಒಂದು ಕಡೆ. ರಸಸಾರ 7ರಿಂದ 6ಕ್ಕೆ ಇಳಿದರೆ ಹುಳಿ ಸ್ವಲ್ಪ ಏರಿತು ಅಂದುಕೊಳ್ಳುತ್ತೇವೆ. ಸ್ವಲ್ಪ ಅಲ್ಲ, 10 ಪಟ್ಟು. 7ರಿಂದ 5ಕ್ಕೆ ಇಳಿದರೆ 100 ಪಟ್ಟು. ಚೀಟಿಯಲ್ಲಿ ಎರಡು ಅಂಕಿ ವ್ಯತ್ಯಾಸ, ಬೇರಿನ ಬುಡದಲ್ಲಿ ನೂರು ಪಟ್ಟು ವ್ಯತ್ಯಾಸ.

ಬಸ್ಸಿನ ಸೀಟಿಗೆ ಟವೆಲ್ ಹಾಕುವುದು ನಮಗೆಲ್ಲ ಗೊತ್ತು. ಜಾತ್ರೆ ದಿನ ಹರಿಹರದ ಬಸ್ಸು ಬಂದು ನಿಂತಿತು ಅಂದುಕೊಳ್ಳಿ. ಹತ್ತುವ ಮೊದಲೇ ಕಿಟಕಿಯಿಂದ ಎಲ್ಲ ಸೀಟಿಗೂ ಟವೆಲ್ ಬಿದ್ದಿದೆ. ಸೀಟು ಇದೆ, ಕೂರುವ ಹಾಗಿಲ್ಲ. ಹುಳಿ ಮಣ್ಣಿನ ಹ್ಯೂಮಸ್ ಆ ಬಸ್ಸು. ಟವೆಲ್ ಹಾಕಿದವು ಹೈಡ್ರೋಜನ್‌ಗಳು. ಗೊಬ್ಬರ ಗಾಡಿಗಟ್ಟಲೆ ಹಾಕಿದ್ದೀರಿ, ಜಾಗವೂ ಬೇಕಾದಷ್ಟಿದೆ, ಆದರೆ ಲೋಹಗಳು ನಿಂತೇ ಇವೆ. ನಿಂತವು ಎಲ್ಲಿಗೆ ಹೋಗುತ್ತವೆ? ನೀರಿನ ಜೊತೆ ಬೇರಿಗೆ ಹೋಗುತ್ತವೆ, ಇಲ್ಲವೇ ಕೆಳಗೆ ಇಳಿಯುತ್ತವೆ.

ಕಾರ್ಬಾಕ್ಸಿಲ್ ಸೀಟುಗಳು ಬೇಗ ಖಾಲಿಯಾಗುತ್ತವೆ. ರಸಸಾರ 4, 5ರ ಹತ್ತಿರ ಬಂದಾಗಲೇ ಅವುಗಳಲ್ಲಿ ಸುಮಾರು ಅರ್ಧ ತೆರೆದಿರುತ್ತವೆ. ಫೀನಾಲ್ ಸೀಟುಗಳು ಜಿಗುಟು. ಅವು ತಾವಾಗಿ ತೆರೆಯಬೇಕಾದರೆ 9, 10ರ ತನಕ ಹೋಗಬೇಕು. ಎಲೆ ಅಡಿಕೆ ಹಾಕುವವರು ಇದನ್ನು ಬಾಯಲ್ಲೇ ನೋಡಿದ್ದೀರಿ. ಬರೀ ಅಡಿಕೆ ಅಗಿದರೆ ಬಾಯಿ ಕೆಂಪಾಗುವುದಿಲ್ಲ. ಸುಣ್ಣ ಸೇರಿದ ತಕ್ಷಣ ಕೆಂಪು. ಸುಣ್ಣದ ಕ್ಷಾರಕ್ಕೆ ಅಡಿಕೆಯ ಫೀನಾಲ್‌ಗಳು ಹೈಡ್ರೋಜನ್ ಬಿಟ್ಟುಕೊಟ್ಟು ಬಣ್ಣ ತಿರುಗುತ್ತವೆ. ಹಾಗಾದರೆ ಸಾಧಾರಣ ಮಣ್ಣಿನಲ್ಲಿ ಫೀನಾಲ್ ಕೆಲಸಕ್ಕೆ ಬರುವುದೇ ಇಲ್ಲವಾ? ಬರುತ್ತದೆ. ಪಕ್ಕದಲ್ಲೇ ಒಂದು ಕಾರ್ಬಾಕ್ಸಿಲ್ ಇದ್ದರೆ ತಾಮ್ರದಂಥ ಗಟ್ಟಿ ಲೋಹ ಎರಡನ್ನೂ ಇಕ್ಕಳದ ಹಾಗೆ ಹಿಡಿದು, ಫೀನಾಲ್‌ನ ಹೈಡ್ರೋಜನ್ ಅನ್ನು ತಾನೇ ಎಬ್ಬಿಸಿ ಕೂರುತ್ತದೆ.

ಅಡಿಕೆ ಸುಲಿಯುವ ತಾಯಂದಿರು ಇಲ್ಲಿ ಬಂದಿದ್ದೀರಿ. ಹಸಿ ಅಡಿಕೆ ಸುಲಿದು ಸುಲಿದು ಮೆಟ್ಟುಗತ್ತಿ ಕಪ್ಪಾಗುತ್ತದೆ, ಕೈಯೂ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಕತ್ತಿಯ ಕಬ್ಬಿಣ ಇದೆ. ಕಬ್ಬಿಣ ಚೊಗರಿನ ಫೀನಾಲ್ ಹಿಡಿದುಕೊಂಡು ಮಸಿಯಾಗಿದೆ. ಸೋಪು ಹಾಕಿ ತಿಕ್ಕಿದರೆ ಹೋಗಲ್ಲ. ನಿಂಬೆಹಣ್ಣು ಉಜ್ಜಿದರೆ ತಿಳಿಯಾಗುತ್ತದೆ, ಅಲ್ವಾ? ಹುಳಿ ಬಂತು, ಹೈಡ್ರೋಜನ್ ಬಂದು ತನ್ನ ಜಾಗ ವಾಪಸ್ ಕೇಳಿತು, ಕಬ್ಬಿಣ ಕೈಬಿಟ್ಟಿತು. ನಿಂಬೆಯೊಳಗಿನ ಸಿಟ್ರಿಕ್ ಆಮ್ಲ ಆ ಕಬ್ಬಿಣವನ್ನು ತಾನೂ ಹಿಡಿದುಕೊಂಡು ಹೋಗುತ್ತದೆ, ಅದೂ ಸೇರಿದೆ. ನಾನು ಪಾಠದಲ್ಲಿ ಎಷ್ಟೋ ಸೂತ್ರ ಬರೆದಿದ್ದೇನೆ. ಆ ತಾಯಂದಿರ ಕೈಯಷ್ಟು ಸ್ಪಷ್ಟವಾಗಿ ಯಾವ ಸೂತ್ರವೂ ಇದನ್ನು ಹೇಳಿಲ್ಲ.

ಈಗ ಮೇಜಿನ ಮೇಲಿರುವ ಬಾಟಲಿಗಳನ್ನು ನೋಡಿ. ನಿನ್ನೆಯೇ ಸಿದ್ಧ ಮಾಡಿಟ್ಟವು. ಐದು ಬಾಟಲಿಗೆ ಜರಡಿ ಹಿಡಿದ ಹಳೇ ಕೊಟ್ಟಿಗೆ ಗೊಬ್ಬರ, ಎಲ್ಲದಕ್ಕೂ ಒಂದೇ ತೂಕ. ಎಲ್ಲದಕ್ಕೂ ಒಂದೇ ಅಳತೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ನೀರು. ಬೇರೆ ಮಾಡಿದ್ದು ರಸಸಾರ ಮಾತ್ರ. 3, 4, 5, 6.5, 9. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸೋಸಿ, ಸೋಸಿದ ನೀರಿಗೆ ಅಮೋನಿಯ ಹಾಕಿದ್ದೇವೆ. ನೀರಿನಲ್ಲಿ ತಾಮ್ರ ಉಳಿದಿದ್ದರೆ ಅಮೋನಿಯ ಸೇರಿ ಕಡುನೀಲಿ ಬಣ್ಣ ಬರುತ್ತದೆ.

3ರ ಬಾಟಲಿ ನೋಡಿ, ನವಿಲಿನ ಕತ್ತಿನ ಬಣ್ಣ. ಗೊಬ್ಬರ ಇದ್ದೂ ತಾಮ್ರದ ಬಹುಪಾಲು ನೀರಿನಲ್ಲೇ ಇದೆ. 4ರದ್ದು ತೆಳು ನೀಲಿ. 5ರಲ್ಲಿ ಹಿಂದೆ ಬಿಳಿ ಹಾಳೆ ಹಿಡಿದರೆ ಮಾತ್ರ ನೀಲಿ ಕಾಣುತ್ತದೆ. 6.5ರಲ್ಲಿ ಕಣ್ಣಿಗೆ ಏನೂ ಇಲ್ಲ. 9ರ ಬಾಟಲಿಯ ಮಾತು ಆಮೇಲೆ ಹೇಳುತ್ತೇನೆ, ಅದರ ಬಣ್ಣವೇ ಬೇರೆ.

ಒಬ್ಬ ಹುಡುಗ ಈಗ ಒಳ್ಳೆಯ ಪ್ರಶ್ನೆ ಕೇಳಿದ. ಗೊಬ್ಬರ ಇಲ್ಲದಿದ್ದರೂ ಕ್ಷಾರಕ್ಕೆ ತಾಮ್ರ ತಾನಾಗಿ ಗಸಿ ಕೂರುತ್ತದಲ್ಲ, ಗೊಬ್ಬರದ್ದೇ ಕೆಲಸ ಅಂತ ಹೇಗೆ ಹೇಳುತ್ತೀರಿ ಅಂತ. ಅದಕ್ಕೇ ಈ ಆರನೇ ಬಾಟಲಿ. ಇದರಲ್ಲಿ ಗೊಬ್ಬರ ಇಲ್ಲ, ರಸಸಾರ 5, ತಾಮ್ರ ಅಷ್ಟೇ. ಪೂರ್ತಿ ಕಡುನೀಲಿ. ಅಂದರೆ 5ರಲ್ಲಿ ತಾಮ್ರ ತಾನಾಗಿ ಕೂರುವುದಿಲ್ಲ. ಪಕ್ಕದ ಬಾಟಲಿಯಲ್ಲಿ ಅದನ್ನು ಹಿಡಿದದ್ದು ಗೊಬ್ಬರವೇ.

ಈ ಬಾಟಲಿ ಮಾಡುವಾಗ ನಮ್ಮ ಹುಡುಗರು ಸುಸ್ತಾದರು. 3ಕ್ಕೆ ಇಳಿಸಬೇಕು ಅಂತ ಆಮ್ಲ ಹಾಕುತ್ತಾರೆ, ಮೀಟರ್ 3 ತೋರಿಸುತ್ತದೆ. ಟೀ ಕುಡಿದು ಬಂದು ನೋಡಿದರೆ ಮತ್ತೆ ಮೇಲೇರಿದೆ. ಮತ್ತೆ ಹಾಕುತ್ತಾರೆ, ಮತ್ತೆ ಏರುತ್ತದೆ. ಗೊಬ್ಬರ ಆಮ್ಲವನ್ನು ನುಂಗುತ್ತಿತ್ತು. ಅದೇ ಸೀಟುಗಳು ಹೈಡ್ರೋಜನ್‌ಗಳನ್ನು ಕೂರಿಸಿಕೊಳ್ಳುತ್ತಿದ್ದವು. ಒಳ್ಳೆಯ ಗೊಬ್ಬರ ಇರುವ ಮಣ್ಣು ಬೇಗ ಹುಳಿಯಾಗುವುದಿಲ್ಲ ಅನ್ನುವುದಕ್ಕೆ ಕಾರಣ ಇದು. ಇದು ದೊಡ್ಡ ಉಪಕಾರ. ಹ್ಯೂಮಸ್ ಲೋಹವನ್ನೂ ಹಿಡಿಯುತ್ತದೆ, ಹಿಡಿತ ತಪ್ಪಿಸುವ ಹುಳಿಯನ್ನೂ ತಡೆಯುತ್ತದೆ. ಆದರೆ ಎರಡೂ ಕೆಲಸಕ್ಕೆ ಇರುವುದು ಅವೇ ಸೀಟುಗಳು.

ಎಲ್ಲ ಲೋಹವೂ ಒಂದೇ ಸ್ವಭಾವದ್ದಲ್ಲ. ತಾಮ್ರ, ಸೀಸ ಬಲಶಾಲಿಗಳು. ಟವೆಲ್ ಪಕ್ಕಕ್ಕೆ ತಳ್ಳಿ ಕೂರುತ್ತವೆ. ರಸಸಾರ 4ರಲ್ಲೂ ಹ್ಯೂಮಸ್ ತಾಮ್ರದ ಒಂದು ಪಾಲನ್ನು ಹಿಡಿದಿರುತ್ತದೆ. ಪಾದರಸ ಅವಕ್ಕಿಂತ ಗಟ್ಟಿ, ಅದು ಹ್ಯೂಮಸ್‌ನಲ್ಲಿ ಅಲ್ಲಲ್ಲಿ ಇರುವ ಗಂಧಕದ ಗುಂಪನ್ನು ಹುಡುಕಿ ಹಿಡಿಯುತ್ತದೆ. ನಿಕ್ಕಲ್, ಸತು, ಕ್ಯಾಡ್ಮಿಯಂ ಬಡಪಾಯಿಗಳು. ಸ್ವಲ್ಪ ಹುಳಿ ಏರಿದರೂ ಸೀಟು ಬಿಟ್ಟು ಎದ್ದು ನಿಲ್ಲುತ್ತವೆ. ಕ್ಯಾಲ್ಸಿಯಂ ಎಲ್ಲಕ್ಕಿಂತ ಬಡವ, ಆದರೆ ಗುಂಪಿನಲ್ಲಿ ಬರುತ್ತದೆ, ಹಾಗಾಗಿ ಒಂದಷ್ಟು ಜಾಗ ಹಿಡಿದಿರುತ್ತದೆ. ತಾಮ್ರ ಹೀಗೆ ಮುಂದೆ ನಿಲ್ಲುವುದು ಹ್ಯೂಮಸ್‌ನಲ್ಲಿ ಮಾತ್ರ ಅಲ್ಲ. ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರ ಅಂತ ಹಿಡಿತ ಏರುತ್ತಾ ಹೋಗಿ ಸತುವಿನಲ್ಲಿ ಇಳಿಯುತ್ತದೆ ಅಂತ ಇರ್ವಿಂಗ್ ಮತ್ತು ವಿಲಿಯಮ್ಸ್ ಅನ್ನುವ ರಸಾಯನ ವಿಜ್ಞಾನಿಗಳು 1953ರಲ್ಲೇ ತೋರಿಸಿದ್ದರು.

ಇದರಿಂದ ಒಂದು ಮಾತು ಹೊರಡುತ್ತದೆ. ನಮ್ಮ ಆರೋಗ್ಯಕ್ಕೆ ಕ್ಯಾಡ್ಮಿಯಂ ತಾಮ್ರಕ್ಕಿಂತ ಎಷ್ಟೋ ಅಪಾಯ. ಅದೇ ಮೊದಲು ಎದ್ದು ಹೋಗುವುದು. ಅದು ಎಲ್ಲಿಂದ ಬರುತ್ತದೆ ಅಂದರೆ, ರಂಜಕದ ಗೊಬ್ಬರ ಮಾಡುವ ಬಂಡೆಯಲ್ಲೇ ಸ್ವಲ್ಪ ಇರುತ್ತದೆ. ಬೇರೆ ಮಾಡದ ಊರ ಕಸದಲ್ಲಿ, ಹಳೇ ಬ್ಯಾಟರಿಯಲ್ಲಿ ಇರುತ್ತದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇಟ್ಟಿದ್ದಾರೆ. ಒಂದು ಕೆಜಿಗೆ ತಾಮ್ರ 300 ಮಿಲಿಗ್ರಾಂ ತನಕ ಇರಬಹುದು, ಸೀಸ 100, ಕ್ಯಾಡ್ಮಿಯಂ ಬರೀ 5. ಆ ಅಂಕಿಗಳನ್ನು ನೋಡಿದರೆ ಯಾವುದಕ್ಕೆ ಹೆಚ್ಚು ಹೆದರಬೇಕು ಅಂತ ಗೊತ್ತಾಗುತ್ತದೆ.

ಈಗ ತೋಟಕ್ಕೆ ಬರೋಣ. ಈ ಮಾತು ನನಗೆ ಹತ್ತಿರದ್ದು, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಲೆನಾಡಿನ ಕಡೆ ಜಾಸ್ತಿ. ಮಳೆ ಜೋರಾದ ವರ್ಷ ನಮ್ಮ ಚನ್ನಗಿರಿ, ಹೊನ್ನಾಳಿ ಕಡೆಯವರೂ ಹೊಡೆಯುತ್ತಾರೆ. ಚಿತ್ರದುರ್ಗದ ಕಡೆ ದಾಳಿಂಬೆಯ ಅಂಗಮಾರಿ ರೋಗಕ್ಕೂ ತಾಮ್ರದ ಔಷಧಿಯೇ. ಈ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದಲ್ಲಿ. ರಸ್ತೆ ಬದಿಯ ದ್ರಾಕ್ಷಿ ಕದಿಯದಿರಲಿ ಅಂತ ಅಲ್ಲಿನ ರೈತರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಇಲ್ಲ ಅನ್ನುವುದನ್ನು ಗಮನಿಸಿ ಮಿಲ್ಲಾರ್ಡೆ ಅನ್ನುವ ಪ್ರಾಧ್ಯಾಪಕರು 1885ರಲ್ಲಿ ಬರೆದರು. ನಮ್ಮ ಅಡಿಕೆಗೆ ಅದನ್ನು ತಂದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೊಳೆರೋಗದ ಮೇಲೆ ಕೆಲಸ ಮಾಡಿದವರು. ಅಡಿಕೆ ಬೆಳೆಗಾರರು ಅವರ ಹೆಸರನ್ನು ನೆನೆಯಬೇಕು.

ದ್ರಾವಣ ಮಾಡುವಾಗ ನಮ್ಮಪ್ಪ ಒಂದು ಪರೀಕ್ಷೆ ಮಾಡುತ್ತಿದ್ದರು. ನಿಮ್ಮಲ್ಲೂ ಮಾಡುವವರು ಇದ್ದೀರಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಹೊಳೆಯುವ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಡುವುದು. ಚಾಕಿನ ಮೇಲೆ ಕೆಂಪು ಲೇಪ ಬಂದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಆ ಕೆಂಪು ಏನು? ತಾಮ್ರ. ದ್ರಾವಣ ಹುಳಿಯಾಗಿದ್ದರೆ ತಾಮ್ರ ಬಿಡಿಯಾಗಿ ತಿರುಗಾಡುತ್ತಿರುತ್ತದೆ, ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಎಲೆಯನ್ನೂ ಸುಡುತ್ತದೆ. ಸುಣ್ಣ ಸಾಕಷ್ಟಾದರೆ ತಾಮ್ರ ಕಟ್ಟಿಹಾಕಿದ ಹಾಗೆ ಇರುತ್ತದೆ. ಡ್ರಮ್ಮಿನಲ್ಲಿ ಹುಳಿ ನೋಡಿಯೇ ಹೊಡೆಯುತ್ತೇವೆ. ಅದೇ ತಾಮ್ರ ನೆಲಕ್ಕೆ ಬಿದ್ದ ಮೇಲೆ ಅಲ್ಲಿಯ ಹುಳಿ ನೋಡುತ್ತೇವಾ? ನಮ್ಮಪ್ಪನೂ ನೋಡಲಿಲ್ಲ, ನಾನೂ ಎಷ್ಟೋ ವರ್ಷ ನೋಡಲಿಲ್ಲ.

ಲೆಕ್ಕ ಹಾಕೋಣ. 1 ಕೆಜಿ ಮೈಲುತುತ್ತದಲ್ಲಿ ಕಾಲು ಕೆಜಿ ತಾಮ್ರ ಇರುತ್ತದೆ. ಎಕರೆಗೆ ವರ್ಷಕ್ಕೆ 8 ಕೆಜಿ ಮೈಲುತುತ್ತ ಹೊಡೆದಿರಿ ಅಂತ ಇಟ್ಟುಕೊಳ್ಳಿ, 2 ಕೆಜಿ ತಾಮ್ರ. 30 ವರ್ಷಕ್ಕೆ 60 ಕೆಜಿ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಗರಿ, ಗೊನೆ, ಕಾಂಡದಿಂದ ತೊಳೆದು ನೆಲಕ್ಕೇ ಬರುತ್ತದೆ. ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಎಲ್ಲ ಅಲ್ಲೇ ಉಳಿದರೆ ಕೆಜಿ ಮಣ್ಣಿಗೆ ಸುಮಾರು 67 ಮಿಲಿಗ್ರಾಂ ಸೇರಿತು. ಸಾಮಾನ್ಯ ಮಣ್ಣಿನಲ್ಲಿ ತಾಮ್ರ ಇರುವುದು 20, 30 ಮಿಲಿಗ್ರಾಂ ಆಸುಪಾಸು. ನಿಮ್ಮ ನಿಮ್ಮ ತೋಟದ ಲೆಕ್ಕ ನೀವೇ ಹಾಕಿ ನೋಡಿ, ಅಜ್ಜನ ಕಾಲದಿಂದ.

ಇಷ್ಟು ತಾಮ್ರ ಇದ್ದೂ ತೋಟ ಚೆನ್ನಾಗಿದೆ ಅಂದರೆ ಪುಣ್ಯ ಯಾರದ್ದು? ಮರದ ಬುಡಕ್ಕೆ ಹಾಕಿದ ಸೊಪ್ಪು, ಗರಿ, ಗೊಬ್ಬರದ್ದು. ಅದರಿಂದಾದ ಹ್ಯೂಮಸ್ ತಾಮ್ರವನ್ನು ಹಿಡಿದು ಕೂತಿದೆ. ಆ ತೋಟಕ್ಕೆ ಮೂರು ಸಂಗತಿ ಒಟ್ಟಿಗೆ ಆದರೆ ನನಗೆ ಕಳವಳ. ಸೊಪ್ಪು, ಗೊಬ್ಬರ ಕಮ್ಮಿ ಮಾಡುವುದು. ಸುಣ್ಣ ಹಾಕುವುದನ್ನು ಬಿಡುವುದು. ವರ್ಷ ವರ್ಷ ಅಮೋನಿಯಂ ಗೊಬ್ಬರ ಜಾಸ್ತಿ ಮಾಡುವುದು. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಹೈಡ್ರೋಜನ್ ಹೊರಬರುತ್ತದೆ. ಯೂರಿಯಾದ 1 ಕೆಜಿ ಸಾರಜನಕ ಹುಟ್ಟಿಸುವ ಹುಳಿ ಕಳೆಯಲು ಸುಮಾರು 1.8 ಕೆಜಿ ಸುಣ್ಣಕಲ್ಲಿನ ಪುಡಿ ಬೇಕು. ಅಮೋನಿಯಂ ಸಲ್ಫೇಟ್ ಆದರೆ 5 ಕೆಜಿಗೂ ಜಾಸ್ತಿ. ಯಾವ ವರ್ಷವೂ ಏನೂ ಆಗಿದ್ದು ಕಾಣುವುದಿಲ್ಲ. ಹತ್ತು ಹದಿನೈದು ವರ್ಷಕ್ಕೆ ರಸಸಾರ 6ರಿಂದ 5ರ ಕೆಳಗೆ ಇಳಿಯುತ್ತದೆ. ಆಗ ನಿನ್ನೆ ಮೊನ್ನೆ ಹೊಡೆದ ತಾಮ್ರ ಮಾತ್ರ ಅಲ್ಲ, ಅಜ್ಜ ಹೊಡೆದ ತಾಮ್ರವೂ ಎದ್ದು ಬರುತ್ತದೆ. ಬೇರಿನ ತುದಿ ಸುಡುತ್ತದೆ, ಎರೆಹುಳು ಕಾಣೆಯಾಗುತ್ತವೆ. ಅದೇ ಹುಳಿಗೆ ಜೇಡಿಮಣ್ಣಿನ ಅಲ್ಯೂಮಿನಿಯಂ ಕೂಡ ಕರಗಿ ಬೇರಿಗೆ ತೊಂದರೆ ಕೊಡುತ್ತದೆ. ಎರಡೂ ಸೇರಿದಾಗ ಯಾವುದರಿಂದ ಏನಾಯಿತು ಅಂತ ತೋಟದಲ್ಲಿ ನಿಂತು ಹೇಳುವುದು ಕಷ್ಟ. ಔಷಧಿ ಅಂಗಡಿಗೆ ಓಡುತ್ತೇವೆ. ಅಲ್ಲಿ ಮತ್ತೊಂದು ತಾಮ್ರದ ಡಬ್ಬಿ ಕೊಡುತ್ತಾರೆ. ನಮ್ಮ ತೋಟಕ್ಕೂ ಒಮ್ಮೆ ಹಾಗೇ ಕೊಟ್ಟಿದ್ದರು.

ಚಿತ್ರದುರ್ಗದವರು ಇಂಗಳದಾಳಿನ ತಾಮ್ರದ ಗಣಿಯ ಮಾತು ಕೇಳುತ್ತೀರಿ ಅಂತ ಗೊತ್ತು. ಅಲ್ಲಿ ಅಗೆದ ತಾಮ್ರದ ಅದಿರಿನಲ್ಲಿ ತಾಮ್ರದ ಜೊತೆ ಕಬ್ಬಿಣ, ಗಂಧಕ ಇರುತ್ತದೆ. ಇಂಥ ಗಂಧಕದ ಕಲ್ಲನ್ನು ಎಲ್ಲಿ ಒಡೆದು ಗಾಳಿ, ಮಳೆಗೆ ಬಿಟ್ಟರೂ ಗಂಧಕಾಮ್ಲ ಹುಟ್ಟಬಹುದು. ಲೋಹವೂ ಅದರದ್ದೇ, ಲೋಹ ಬಿಡಿಸುವ ಹುಳಿಯೂ ಅದರದ್ದೇ. ಜಗತ್ತಿನ ಗಣಿಗಳ ದೊಡ್ಡ ತಲೆನೋವು ಇದು. ಸುತ್ತಲಿನ ನೆಲದಲ್ಲಿ ಸುಣ್ಣಕಲ್ಲಿನ ಹರಳು ಇದ್ದರೆ ಆ ಹುಳಿ ಅಲ್ಲಿಯೇ ಸಾಯುತ್ತದೆ.

ಈಗ 9ರ ಬಾಟಲಿ. ನೋಡಿ, ಕಾಫಿ ಡಿಕಾಕ್ಷನ್. ಸುಣ್ಣ ಹಾಕಿದಷ್ಟೂ ಒಳ್ಳೆಯದು ಅಂತ ನನ್ನ ಮಾತಿನಿಂದ ಯಾರಾದರೂ ತಿಳಿದಿದ್ದರೆ ಈ ಬಾಟಲಿಯನ್ನು ಸರಿಯಾಗಿ ನೋಡಬೇಕು. ಅಖಾರ್ಡ್ 1786ರಲ್ಲಿ ಮಾಡಿದ್ದೇ ಇಲ್ಲೂ ಆಯಿತು. ಕ್ಷಾರಕ್ಕೆ ಎಲ್ಲ ಸೀಟುಗಳೂ ಖಾಲಿಯಾಗಿ, ಹ್ಯೂಮಸ್ ಮೈತುಂಬ ಋಣ ವಿದ್ಯುದಂಶವಾಗಿ, ಒಂದನ್ನೊಂದು ದೂಡಿಕೊಂಡು ನೀರಿಗೆ ಇಳಿಯಿತು. ಹಿಡಿತ ಸಡಿಲವಾಗಿಲ್ಲ. ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬಸ್ಸು ಹೊರಟಿದೆ! ಈ ಕಂದು ಬಣ್ಣದಲ್ಲಿ ನೀಲಿ ಕಣ್ಣಿಗೆ ಕಾಣುವುದಿಲ್ಲ, ಯಂತ್ರದಲ್ಲಿ ಅಳೆದರೆ ತಾಮ್ರ ಸಿಗುತ್ತದೆ. ಹಾಗಾಗಿ ತಾಮ್ರದ ವಿಷಯದಲ್ಲಿ ರಸಸಾರ ಏರಿದ ಹಾಗೆ ನೀರಿನಲ್ಲಿನ ಲೋಹ ಇಳಿಯುತ್ತಾ ಹೋಗಿ, ಒಂದು ಕಡೆ ತಳ ಮುಟ್ಟಿ, ಮತ್ತೆ ಮೇಲೇಳುತ್ತದೆ. ಹ್ಯೂಮಸ್ ಹಿಡಿದ ತಾಮ್ರ ಬೇರಿಗೆ ಬಿಡಿ ತಾಮ್ರದಷ್ಟು ವಿಷ ಅಲ್ಲ, ಆದರೆ ನೀರಿನ ಜೊತೆ ಕೆಳಗೆ ಹೋಗಬಲ್ಲದು.

ನಾಲೆ ನೀರು ನಿಂತು ನಿಂತು ಚೌಳಾದ ಕರಿ ನೆಲ ನೋಡಿದ್ದೀರಿ. ಬೇಸಿಗೆಯಲ್ಲಿ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕರಿ ಹೊಪ್ಪಳೆ ಕಟ್ಟುತ್ತದೆ. ಸೋಡಿಯಂ ಜಾಸ್ತಿಯಾಗಿ, ರಸಸಾರ 8.5 ದಾಟಿ, ಹ್ಯೂಮಸ್ ಕರಗಿ ಮೇಲೆ ಬಂದು ಒಣಗಿದ್ದು ಅದು. 9ರ ಬಾಟಲಿಯೇ ಹೊಲದಲ್ಲಿ ಮಲಗಿದೆ ಅಂತ ತಿಳಿಯಿರಿ. ಕ್ಯಾಲ್ಸಿಯಂ ಇದ್ದರೆ ಹೀಗಾಗುವುದು ಕಮ್ಮಿ, ಅದು ಹ್ಯೂಮಸ್ ಎಳೆಗಳನ್ನು ಸೇರಿಸಿ ಕಟ್ಟುತ್ತದೆ. ಅಲ್ಲಿಗೆ ಕ್ಯಾಲ್ಸಿಯಂ ಇರುವ ಜಿಪ್ಸಂ ಹಾಕಿ ಅನ್ನುವುದು ಅದಕ್ಕೇ.

ಇದೇ ಕಾರಣಕ್ಕೆ ದಾಳಿಂಬೆಯವರಿಗೆ ಒಂದು ಮಾತು. ಡ್ರಿಪ್‌ಗೆ ಬಿಡುವ ಹ್ಯೂಮಿಕ್ ಅಂತ ಕರಿ ದ್ರವ ಕೊಳ್ಳುತ್ತೀರಲ್ಲ, ಹೆಸರಿಗೆ ಆಮ್ಲ. ನಿಜವಾಗಿ ಅದು ಪೊಟ್ಯಾಷ್ ಕ್ಷಾರದಲ್ಲಿ ಕರಗಿಸಿದ ಹ್ಯೂಮೇಟ್, ಅಂದರೆ ಆ ಆಮ್ಲದ ಲವಣ. ಅದೇ ಟ್ಯಾಂಕಿಗೆ ಆಮ್ಲದ ಗೊಬ್ಬರವನ್ನೋ ಕ್ಯಾಲ್ಸಿಯಂ ನೈಟ್ರೇಟನ್ನೋ ಸುರಿದರೆ ಹಾಲಿಗೆ ನಿಂಬೆ ಹಿಂಡಿದ ಹಾಗೆ ಒಡೆಯುತ್ತದೆ. ಹೊಸದುರ್ಗದ ಕಡೆಯ ಬೆಳೆಗಾರರೊಬ್ಬರು ಕಟ್ಟಿಕೊಂಡ ಫಿಲ್ಟರ್ ಬಿಚ್ಚಿ ತಂದು ತೋರಿಸಿದರು. ಒಳಗೆಲ್ಲ ಕರಿ ಮೊಸರು. ಒಂದು ದಿನ ಅದು, ಇನ್ನೊಂದು ದಿನ ಇದು ಬಿಡಿ.

ಚಳ್ಳಕೆರೆ, ಹಿರಿಯೂರಿನ ಸುಣ್ಣದ ಹರಳಿರುವ ಕರಿ ಮಣ್ಣಿನವರಿಗೆ ತೊಂದರೆ ಇನ್ನೊಂದು ತರಹ. ರಸಸಾರ 8ರ ಮೇಲೆ ಇರುವಲ್ಲಿ ಮಣ್ಣು ಸತುವನ್ನು ಬಿಟ್ಟುಕೊಡುವುದೇ ಇಲ್ಲ. ಸತು ಬೆಳೆಗೆ ಬೇಕಾದದ್ದು. ಹಾಕಿದರೂ ಗಿಡಕ್ಕೆ ಸಿಗುವುದು ಕಮ್ಮಿ. ಅಲ್ಲಿ ಸುಣ್ಣ ಹಾಕಲು ಹೇಳುವವರು ಇದ್ದರೆ ಕೇಳಬೇಡಿ. ಗೊಬ್ಬರ ಜಾಸ್ತಿ ಮಾಡಿ. ಗೊಬ್ಬರ ಕೊಳೆಯುವಾಗ ಹೊರಡುವ ಸಣ್ಣ ಸಾವಯವ ಅಣುಗಳು ಸತುವನ್ನು ಹಿಡಿದು ಬೇರಿನ ಹತ್ತಿರ ತರುತ್ತವೆ.

ಭದ್ರಾ ನಾಲೆಯ ಗದ್ದೆಯವರಿಗೆ ಪ್ರಕೃತಿಯೇ ಒಂದು ಅನುಕೂಲ ಮಾಡಿದೆ. ನೀರು ನಿಲ್ಲಿಸಿದರೆ ಹುಳಿ ಮಣ್ಣಿನ ರಸಸಾರ ಮೇಲೇರುತ್ತದೆ, ಕ್ಷಾರದ್ದು ಕೆಳಗಿಳಿಯುತ್ತದೆ, ಎರಡೂ 7ರ ಹತ್ತಿರ ಬರುತ್ತವೆ. ಗಾಳಿ ಇಲ್ಲದ ಆ ಕೆಸರಿನಲ್ಲಿ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಕೊಯ್ಲಿಗೆ ಮೊದಲು ನೀರು ತೆಗೆದಾಗ ಗಾಳಿ ಆಡುತ್ತದೆ, ಮಣ್ಣು ಹುಳಿ ಕಡೆ ಸರಿಯುತ್ತದೆ, ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆ. ಜಪಾನಿನ ಜಿನ್‌ಜು ನದಿಯ ಕಣಿವೆಯಲ್ಲಿ ಗಣಿಯ ನೀರು ಗದ್ದೆಗೆ ಬಂದು, ಅನ್ನದ ಮೂಲಕ ಜನರ ಮೂಳೆ ಮುರಿಯುವ ಕಾಯಿಲೆ ಬಂತು. ಇತಾಯ್ ಇತಾಯ್ ಅಂತ ಹೆಸರು, ನೋವು ನೋವು ಅಂತ ಅರ್ಥ. ಗಣಿಯ ಕ್ಯಾಡ್ಮಿಯಂ ಕಾರಣ ಅಂತ ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ನಮ್ಮ ಗದ್ದೆಗಳಿಗೆ ಆ ಭಯ ಹಚ್ಚುವುದಕ್ಕೆ ಇದನ್ನು ಹೇಳುತ್ತಿಲ್ಲ. ನೀರು, ಗಾಳಿ, ಹುಳಿ ಎಷ್ಟು ಹತ್ತಿರದ ನೆಂಟರು ಅಂತ ತೋರಿಸುವುದಕ್ಕೆ.

ಆರ್ಸೆನಿಕ್, ಆರು ವೇಲೆನ್ಸಿಯ ಕ್ರೋಮಿಯಂ ಈ ಕಥೆಗೆ ಸೇರುವುದಿಲ್ಲ. ಅವು ಮಣ್ಣಿನ ನೀರಿನಲ್ಲಿ ಹೆಚ್ಚಾಗಿ ಆಕ್ಸಿಜನ್ ಸೇರಿಸಿಕೊಂಡು ಋಣ ವಿದ್ಯುದಂಶ ಹೊತ್ತು, ಇಲ್ಲವೇ ವಿದ್ಯುದಂಶವೇ ಇಲ್ಲದೆ ತಿರುಗುತ್ತವೆ. ಸುಣ್ಣ ಹಾಕಿದರೆ ಜಾಸ್ತಿ ಓಡಾಡುತ್ತವೆ. ಎಲ್ಲ ವಿಷ ಲೋಹಕ್ಕೂ ಸುಣ್ಣ ಮದ್ದು ಅಂತ ಯಾರಾದರೂ ಹೇಳಿದರೆ ಈ ಎರಡು ಹೆಸರು ಹೇಳಿ.

ಮಣ್ಣು ಆರೋಗ್ಯ ಚೀಟಿ ತಂದವರು ಅದನ್ನು ತೆಗೆಯಿರಿ. 12 ಸಾಲು ಇದೆ. ಎಲ್ಲರೂ ಮೊದಲು ನೋಡುವುದು ಸಾರಜನಕ, ರಂಜಕ, ಪೊಟ್ಯಾಷ್. ಸೀಸ, ಕ್ಯಾಡ್ಮಿಯಂ ಆ ಕಾಗದದಲ್ಲಿ ಇಲ್ಲವೇ ಇಲ್ಲ. ತಾಮ್ರದ ಸಾಲು ಇದೆ, ಆದರೆ ಅದು ಕೊರತೆ ಇದೆಯಾ ಅಂತ ನೋಡುವ ಪರೀಕ್ಷೆ. ರಸಸಾರವನ್ನು 7.3ಕ್ಕೆ ಕಟ್ಟಿಟ್ಟ ಒಂದು ದ್ರಾವಣದಲ್ಲಿ ಮಣ್ಣನ್ನು ಕಲಕಿ ಬಂದ ತಾಮ್ರವನ್ನು ಅಳೆಯುತ್ತಾರೆ. ನಿಮ್ಮ ಮಣ್ಣು 5ಕ್ಕೆ ಇಳಿದರೆ ಏನಾದೀತು ಅಂತ ಅದು ಹೇಳುವುದಿಲ್ಲ. ಅದನ್ನು ಊಹಿಸಲು ಬೇಕಾದ ಎರಡು ಸಾಲು ಅದೇ ಕಾಗದದಲ್ಲಿವೆ, ರಸಸಾರ ಮತ್ತು ಸಾವಯವ ಇಂಗಾಲ. ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಮ್ಮಿ, 0.75 ದಾಟಿದರೆ ಒಳ್ಳೆಯದು ಅಂತ ಲೆಕ್ಕ. ಇಂಗಾಲ ಎಷ್ಟು ಸೀಟು ಇದೆ ಅಂತ ಹೇಳುತ್ತದೆ, ರಸಸಾರ ಅದರಲ್ಲಿ ಎಷ್ಟಕ್ಕೆ ಟವೆಲ್ ಬಿದ್ದಿದೆ ಅಂತ ಹೇಳುತ್ತದೆ.

ಹಿಂದೆ ಕೂತ ಯಜಮಾನರು ಆಗಿನಿಂದ ಕೇಳುತ್ತಿದ್ದಾರೆ, ಸುಣ್ಣ ಯಾವಾಗ ಹಾಕೋದು, ಎಷ್ಟು ಹಾಕೋದು ಅಂತ. ತಾಮ್ರ ಹೊಡೆದ ತೋಟದಲ್ಲಿ ರಸಸಾರ 5.5ರ ಕೆಳಗೆ ಬಂದಿದ್ದರೆ ತಡ ಮಾಡಬೇಡಿ. 6, 6.5ಕ್ಕೆ ಬಂದರೆ ಸಾಕು, 7 ದಾಟಿಸಲು ಹೋಗಬೇಡಿ. ಎಷ್ಟು ಅನ್ನುವುದು ಮಣ್ಣಿನ ಮೇಲೆ. ಒಂದೇ ರಸಸಾರ ಇದ್ದರೂ ಕೆಂಪು ಮರಳು ಮಣ್ಣಿಗೆ ಕಮ್ಮಿ ಸಾಕು, ಗೊಬ್ಬರ ಇರುವ ಜೇಡಿ ಮಣ್ಣಿಗೆ ಜಾಸ್ತಿ ಬೇಕು. ನಮ್ಮ ಹುಡುಗರು ಆಮ್ಲ ಹಾಕಿ ಸುಸ್ತಾದ ಹಾಗೆಯೇ ಸುಣ್ಣ ಹಾಕುವಾಗಲೂ ಆಗುತ್ತದೆ. ಮಣ್ಣು ಕೊಟ್ಟು ಸುಣ್ಣದ ಬೇಡಿಕೆ ಪರೀಕ್ಷೆ ಮಾಡಿ ಅಂತ ಕೇಳಿ, ಆ ಪರೀಕ್ಷೆ ಬೇರೆಯೇ ಇದೆ. ಒಂದೇ ಸಲ ಸುರಿಯದೆ ಎರಡು ಮೂರು ವರ್ಷಕ್ಕೆ ಹಂಚಿ. ಸುಣ್ಣ ಹಾಕಿದ ದಿನವೇ ಯೂರಿಯಾ, ಹಸಿ ಸಗಣಿ ಗೊಬ್ಬರ ಹಾಕಬೇಡಿ, ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರಿ ಹೋಗುತ್ತದೆ. ಕೆಲವು ವಾರ ಬಿಟ್ಟು ಗೊಬ್ಬರ ಕೊಡಿ. ಮಣ್ಣು ತೆಗೆಯುವಾಗ ಮರದ ಬುಡದ್ದೇ ಬೇರೆ, ಸಾಲಿನ ನಡುವಿನದ್ದೇ ಬೇರೆ ತೆಗೆಯಿರಿ. ರಸಗೊಬ್ಬರ ಬೀಳುವುದು ಬುಡಕ್ಕೆ, ಹುಳಿ ಏರುವುದೂ ಮೊದಲು ಅಲ್ಲಿಯೇ. ಎರಡನ್ನೂ ಕಲಸಿ ಕೊಟ್ಟರೆ ಕಾಗದದಲ್ಲಿ ಎಲ್ಲ ಸರಿ ಇದೆ ಅಂತ ಬರುತ್ತದೆ. ಚೀಟಿ ಕೈಯಲ್ಲಿ ಇರುವವರು ಈಗ ಮುಂದೆ ಬನ್ನಿ, ಆ ಎರಡು ಸಾಲು ಒಟ್ಟಿಗೆ ಓದೋಣ.